ಬೀದಿ ಸರಿಯಿದ್ದರೆ ಬಡಾವಣೆ ಸರಿ: ಓದುಗರ ಪ್ರಶ್ನೆಗೆ ನಗರ ವಿನ್ಯಾಸ ತಜ್ಞರ ಉತ್ತರ

ಪ್ರಶ್ನೆ: 40 ಹೆಕ್ಟೇರ್ ಜಾಗದಲ್ಲಿ ಹೊಸ ಬಡಾವಣೆಯ ನಕ್ಷೆ ತಯಾರಾಗುತ್ತಿದೆ. ಮನೆ, ಉದ್ಯಾನ, ಶಾಲೆ, ಅಂಗಡಿ ಎಲ್ಲಕ್ಕೂ ಜಾಗ ಬೇಕು. ಮೊದಲು ಯಾವುದನ್ನು ಗೊತ್ತುಮಾಡಿಕೊಳ್ಳಬೇಕು?

ಬೀದಿಗಳನ್ನು. ಮನೆ ಹಳತಾದರೆ ಕೆಡವಿ ಕಟ್ಟುತ್ತಾರೆ, ಅಂಗಡಿ ಕೈ ಬದಲಾಗುತ್ತದೆ, ಶಾಲೆಗೆ ಇನ್ನೊಂದು ಮಹಡಿ ಏರುತ್ತದೆ. ಆದರೆ ನಿವೇಶನ ಒಮ್ಮೆ ಜನರ ಹೆಸರಿಗೆ ಆಯಿತೆಂದರೆ ಬೀದಿಯ ಗೆರೆಯನ್ನು ಅಲುಗಿಸುವುದು ಹೆಚ್ಚುಕಡಿಮೆ ಅಸಾಧ್ಯ. ಸ್ಪೇನಿನ ಬಾರ್ಸಿಲೋನಾದಲ್ಲಿ ಎಂಜಿನಿಯರ್ ಇಲ್ಡೆಫಾನ್ಸ್ ಸೆರ್ಡಾ 1859ರಲ್ಲಿ ರೂಪಿಸಿದ ಚೌಕ ಬೀದಿಗಳ ಮೇಲೆಯೇ ಇಂದಿಗೂ ಆ ನಗರದ ಜನ ಓಡಾಡುತ್ತಿದ್ದಾರೆ.

ಜಾಗದ ಕನಿಷ್ಠ ಶೇ 30ರಷ್ಟನ್ನು ಬೀದಿಗಳಿಗೆ ಬಿಡಿ, ಒಂದು ಚದರ ಕಿಲೋಮೀಟರಿಗೆ ಕನಿಷ್ಠ 18 ಕಿಲೋಮೀಟರ್ ಬೀದಿ ಇರಲಿ ಎಂಬುದು ವಿಶ್ವಸಂಸ್ಥೆಯ ವಸತಿ ಮತ್ತು ನಗರಗಳ ವಿಭಾಗವಾದ ಯುಎನ್-ಹ್ಯಾಬಿಟಾಟ್‌ನ ಸಲಹೆ. ನಿಮ್ಮ ಲೆಕ್ಕಕ್ಕೆ ಇಳಿಸಿದರೆ 12 ಹೆಕ್ಟೇರ್ ಜಾಗ, 7.2 ಕಿಲೋಮೀಟರ್ ಬೀದಿ. ಸರಾಸರಿ ಅಗಲ 16 ಮೀಟರಿಗಿಂತ ಸ್ವಲ್ಪ ಹೆಚ್ಚು. ಹಾಗೆಂದು ಎಲ್ಲ ಬೀದಿಯನ್ನೂ ಒಂದೇ ಅಗಲಕ್ಕೆ ಎಳೆಯಬೇಡಿ. ಬಸ್ಸು ಓಡುವ ಒಂದೆರಡು ಬೀದಿಗೆ 22ರಿಂದ 24 ಮೀಟರ್ ಕೊಟ್ಟು ಒಳಬೀದಿಗಳನ್ನು 9ರಿಂದ 12 ಮೀಟರಿಗೆ ಇಳಿಸಿದರೆ, ಅಷ್ಟೇ ಜಾಗದಲ್ಲಿ ಇನ್ನಷ್ಟು ಉದ್ದದ ಬೀದಿ ಸಿಗುತ್ತದೆ.

ಎರಡು ಅಡ್ಡಬೀದಿಗಳ ನಡುವಿನ ಅಂತರ 80ರಿಂದ 100 ಮೀಟರ್ ಇರಲಿ. 120 ಮೀಟರ್ ದಾಟಿದರೆ ನಡುವೆ ಮೂರು ಮೀಟರ್ ಅಗಲದ ಕಾಲುದಾರಿ ಕೊಡಿ. ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣಬೇಕು, ಇಲ್ಲದಿದ್ದರೆ ಕತ್ತಲಾದ ಮೇಲೆ ಯಾರೂ ಅಲ್ಲಿ ಕಾಲಿಡುವುದಿಲ್ಲ.

ನಕ್ಷೆ ಅಂತಿಮವಾಗುವ ಮೊದಲು ಒಂದು ಪರೀಕ್ಷೆ ಮಾಡಿ. ಹತ್ತು ಮನೆ ಬಾಗಿಲುಗಳನ್ನು ಗುರುತಿಸಿ, ಪ್ರತಿಯೊಂದರಿಂದ ಶಾಲೆಗೂ ಬಸ್ ನಿಲ್ದಾಣಕ್ಕೂ ನೇರ ದೂರ ಎಷ್ಟು, ನಡೆಯಬೇಕಾದ ದೂರ ಎಷ್ಟು ಎಂದು ಅಳೆಯಿರಿ. ಚೌಕ ಬೀದಿಗಳಲ್ಲಿ ತೀರಾ ಸುತ್ತು ಎಂದರೂ ನಡಿಗೆಯ ದೂರ ನೇರ ದೂರದ 1.4 ಪಟ್ಟು. ಮುಂದೆ ದಾರಿಯಿಲ್ಲದೆ ಕೊನೆಯಾಗುವ ಬೀದಿಗಳಿದ್ದರೆ ಅದು ಎರಡು, ಮೂರು ಪಟ್ಟಾಗುತ್ತದೆ. ಹಿತ್ತಲ ಗೋಡೆಯಾಚೆ ಕಾಣುವ ಶಾಲೆಗೆ ಮಗುವನ್ನು ಬೈಕಿನಲ್ಲಿ ಬಿಟ್ಟುಬರುವ ಸ್ಥಿತಿ ಹುಟ್ಟುವುದು ಇಲ್ಲಿಂದಲೇ. 1.5 ದಾಟಿದ ಕಡೆಯೆಲ್ಲ ಕಾಲುದಾರಿ ತೆರೆಯಿರಿ.

ಫುಟ್‌ಪಾತ್‌ನಲ್ಲಿ ಯಾವ ಅಡ್ಡಿಯೂ ಇಲ್ಲದ ಎರಡು ಮೀಟರ್ ಅಗಲ ಸಿಗಬೇಕು. ದೀಪದ ಕಂಬ, ಮರ, ವಿದ್ಯುತ್ ಪೆಟ್ಟಿಗೆ, ಫಲಕ ಇವೆಲ್ಲ ರಸ್ತೆಯ ಬದಿಗೆ ಒಂದೂವರೆ ಮೀಟರಿನ ಬೇರೆ ಪಟ್ಟಿಯಲ್ಲಿ ನಿಲ್ಲಲಿ. ಎಲ್ಲ ಕಡೆ ಕಾಣುವ ತಪ್ಪೆಂದರೆ, ಪ್ರತಿ ಗೇಟಿನ ಮುಂದೆ ಕಾರಿಗಾಗಿ ಫುಟ್‌ಪಾತನ್ನೇ ಇಳಿಸಿ ಮತ್ತೆ ಏರಿಸುವುದು. ಗಾಲಿಕುರ್ಚಿಯಲ್ಲಿರುವವರಿಗೆ, ಮೊಣಕಾಲು ನೋವಿನ ವೃದ್ಧರಿಗೆ ಅಂಥ ಬೀದಿ ಮುಚ್ಚಿದ ಬೀದಿಯೇ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಲಿ. ಕಾರು ಏರಿಬರುವ ಇಳಿಜಾರನ್ನು ಆ ಕಂಬಗಳ ಪಟ್ಟಿಯೊಳಗೇ ಮುಗಿಸಿ. ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಬೇಡ. ಬೀದಿ ದಾಟುವಲ್ಲಿ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗದಿರಲಿ.

ಪ್ರಶ್ನೆ: ಬಸ್ಸು, ಶಾಲೆ, ಅಂಗಡಿ ನಡೆಯಬೇಕಾದರೆ ಜನಸಾಂದ್ರತೆ ಬೇಕು ಎನ್ನುತ್ತಾರೆ. ಅದಕ್ಕೆ ಇಪ್ಪತ್ತು ಮಹಡಿಯ ಕಟ್ಟಡಗಳೇ ಆಗಬೇಕೆ?

ಬೇಕಿಲ್ಲ, ಲೆಕ್ಕ ನೋಡಿ. ಯುಎನ್-ಹ್ಯಾಬಿಟಾಟ್ ಹೇಳುವ ಕನಿಷ್ಠ ಸಾಂದ್ರತೆ ಚದರ ಕಿಲೋಮೀಟರಿಗೆ 15,000 ಜನ, ಅಂದರೆ ಹೆಕ್ಟೇರಿಗೆ 150. ಮನೆಗೆ ಮೂರೂವರೆ ಜನ ಎಂದರೆ 43 ಮನೆ. ಮನೆಯೊಂದಕ್ಕೆ 100 ಚದರ ಮೀಟರ್, ಮೆಟ್ಟಿಲು ಮತ್ತು ಕಟ್ಟಡದೊಳಗಿನ ಓಣಿಗೆ ಇನ್ನೂ ಶೇ 20 ಸೇರಿಸಿದರೆ ಒಟ್ಟು 5,200 ಚದರ ಮೀಟರ್. ಬೀದಿ, ಉದ್ಯಾನ, ಶಾಲೆಗೆ ಹೆಕ್ಟೇರಿನ ಅರ್ಧ ಹೋಗಿ 5,000 ಚದರ ಮೀಟರ್ ನಿವೇಶನ ಉಳಿಯಿತು ಎನ್ನೋಣ. ಅದರಲ್ಲೂ ಅರ್ಧ ಜಾಗದಲ್ಲಿ ಮಾತ್ರ ಕಟ್ಟಿದರೆ ಎರಡು ಮಹಡಿಗೇ ಲೆಕ್ಕ ಬಹುತೇಕ ಮುಗಿಯುತ್ತದೆ. ನಾಲ್ಕು ಮಹಡಿಗೆ ಹೆಕ್ಟೇರಿಗೆ ಸುಮಾರು 290 ಜನ.

ಐದು ನಿಮಿಷದ ನಡಿಗೆ ಎಂದರೆ 400 ಮೀಟರ್. ಅಷ್ಟು ತ್ರಿಜ್ಯದ ವೃತ್ತದಲ್ಲಿ 50 ಹೆಕ್ಟೇರ್ ಜಾಗವಿದೆ, ಕನಿಷ್ಠ ಸಾಂದ್ರತೆಯಲ್ಲೂ 7,500 ಜನ. ಒಂದು ಪ್ರಾಥಮಿಕ ಶಾಲೆ, ದಿನಬಳಕೆಯ ಅಂಗಡಿಗಳು, ಒಂದು ಬಸ್ ಮಾರ್ಗಕ್ಕೆ ಇದು ಒಳ್ಳೆಯ ಆಧಾರ. ಈ 400 ಮೀಟರ್ ಮಾತ್ರ ಆರೋಗ್ಯವಂತರ ಅಳತೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ಹಿರಿಯರು ಅದೇ ಐದು ನಿಮಿಷದಲ್ಲಿ 240 ಮೀಟರ್ ಮಾತ್ರ ಸಾಗುತ್ತಾರೆ. ಅವರಿಗಾಗಿ 50ರಿಂದ 100 ಮೀಟರಿಗೊಂದು ಬೆಂಚು ಇಡಿ. ಕೈ ಊರಿ ಏಳಲು ಬೆಂಚಿನ ಎರಡೂ ತುದಿಗೆ ಕೈಹಿಡಿ ಇರಬೇಕು.

ಪ್ರಶ್ನೆ: ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ವಾಹನಗಳು ನಮ್ಮ ಒಳಬೀದಿಗೆ ನುಗ್ಗುತ್ತವೆ. ಎಷ್ಟು ಹಂಪ್ ಹಾಕಿಸಿದರೂ ನಿಂತಿಲ್ಲ. ಏನು ಮಾಡಬೇಕು?

ಹಂಪ್ ವೇಗವನ್ನು ತಗ್ಗಿಸುತ್ತದೆಯೇ ಹೊರತು ದಾರಿಯನ್ನು ತಪ್ಪಿಸುವುದಿಲ್ಲ. ಮುಖ್ಯರಸ್ತೆಗಿಂತ ಎರಡು ನಿಮಿಷ ಉಳಿಯುವವರೆಗೆ ವಾಹನಗಳು ಬಂದೇ ಬರುತ್ತವೆ. ಆ ಎರಡು ನಿಮಿಷದ ಲಾಭವನ್ನೇ ಇಲ್ಲವಾಗಿಸಬೇಕು.

ನಾಲ್ಕು ಮುಖ್ಯರಸ್ತೆಗಳ ನಡುವಿನ ಪ್ರದೇಶವನ್ನು ಒಂದು ಘಟಕವಾಗಿ ನೋಡಿ. ಪ್ರತಿ ಮನೆಗೂ ಕಾರು ತಲುಪಬೇಕು, ಆದರೆ ಒಂದು ಮುಖ್ಯರಸ್ತೆಯಿಂದ ಹೊಕ್ಕ ಕಾರು ಎದುರಿನ ಮುಖ್ಯರಸ್ತೆಗೆ ಹೊರಬರಲಾಗಬಾರದು. ಬಾರ್ಸಿಲೋನಾದ ಪೊಬ್ಲೆನೋ ಬಡಾವಣೆಯಲ್ಲಿ 2016ರಲ್ಲಿ ಮಾಡಿದ್ದು ಇದನ್ನೇ. ಮೂರಕ್ಕೆ ಮೂರು, ಬೀದಿಗಳ ನಡುವಿನ ಒಂಬತ್ತು ಚೌಕಗಳನ್ನು ಸೇರಿಸಿ ಸುಮಾರು 400 ಮೀಟರ್ ಉದ್ದಗಲದ ಘಟಕ ಮಾಡಿದರು. ಒಳಗೆ ಬಂದ ವಾಹನ ತಿರುಗಿ ಬಂದ ಕಡೆಗೇ ಹೋಗುವಂತೆ ಏಕಮುಖ ಸಂಚಾರ, ಒಳಗೆ ಗಂಟೆಗೆ 10 ಕಿಲೋಮೀಟರ್ ವೇಗ.

ಇದಕ್ಕೆ ದೊಡ್ಡ ಕಾಮಗಾರಿ ಬೇಡ. ಆಯ್ದ ಜಾಗಗಳಲ್ಲಿ ಬೀದಿಗೆ ಅಡ್ಡಲಾಗಿ 1.5 ಮೀಟರಿಗೊಂದು ಗಿಡ್ಡ ಕಂಬ ನಿಲ್ಲಿಸಿದರೆ ಸೈಕಲ್, ಗಾಲಿಕುರ್ಚಿ, ತಳ್ಳುಗಾಡಿ ದಾಟುತ್ತವೆ, ಕಾರು ದಾಟುವುದಿಲ್ಲ. ನಡುವಿನ ಕಂಬಗಳಿಗೆ ಬೀಗ ತೆಗೆದು ಮಡಚುವ ವ್ಯವಸ್ಥೆಯಿರಲಿ, ಬೀಗದ ಕೈ ಅಗ್ನಿಶಾಮಕ ದಳದ ಬಳಿಯೂ ಇರಲಿ. ಮಡಚಿದಾಗ ಕನಿಷ್ಠ 3.5 ಮೀಟರ್ ದಾರಿ ಸಿಗಬೇಕು. ಬೈಕುಗಳೇ ಹೆಚ್ಚಿದ್ದರೆ ಕಂಬ ಸಾಲದು. ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ, ದಾರಿಗೆ ಒಂದು ಕಿರಿದಾದ ತಿರುವನ್ನೂ ಕೊಡಬೇಕು.

ಕೆಡುವುದು ಎಲ್ಲಿ ಎಂದರೆ, ಗಲಾಟೆ ಹೆಚ್ಚಿರುವ ಒಂದೇ ಬೀದಿಯನ್ನು ಮುಚ್ಚುವುದರಲ್ಲಿ. ವಾಹನವೆಲ್ಲ ಪಕ್ಕದ ಬೀದಿಗೆ ತಿರುಗುತ್ತದೆ, ಎರಡು ಬೀದಿಯ ಜನ ಪರಸ್ಪರ ಜಗಳಕ್ಕೆ ನಿಲ್ಲುತ್ತಾರೆ. ಇಡೀ ಘಟಕವನ್ನು ಒಂದೇ ದಿನ ಬದಲಿಸಿ. ಮೊದಲ ಆರು ತಿಂಗಳು ಭಾರವಾದ ಹೂಕುಂಡಗಳಿಂದ ಪ್ರಯೋಗ ಮಾಡಿ. ಶುರುವಿಗೆ ಮೊದಲು ಒಂದು ವಾರ, ಮೂರು ತಿಂಗಳಾದ ಮೇಲೆ ಒಂದು ವಾರ, ಅದೇ ಜಾಗಗಳಲ್ಲಿ ವಾಹನ ಎಣಿಸಿ. ಸುತ್ತಲಿನ ಮುಖ್ಯರಸ್ತೆಗಳ ಎಣಿಕೆಯೂ ಬೇಕು, ಅಲ್ಲಿ ವಾಸಿಸುವವರೂ ನಮ್ಮವರೇ.

ಸಭೆಯಲ್ಲಿ “ವೇಗ ತಗ್ಗಿದರೆ ಏನು ಸಿಗುತ್ತದೆ” ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಿ. ಮಗು ಅಡ್ಡ ಬಂದದ್ದು ಕಂಡು ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ 8.3 ಮೀಟರ್ ಸಾಗಿ, ಒಣ ರಸ್ತೆಯಲ್ಲಿ ಇನ್ನು 5 ಮೀಟರಿಗೆ ಕಾರು ನಿಲ್ಲುತ್ತದೆ, ಒಟ್ಟು ಸುಮಾರು 13 ಮೀಟರ್. 50 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿಗೇ 13.9 ಮೀಟರ್. ಅಂದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದರ ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ.

ನೆರೆಹೊರೆಯ ನಂಟಿಗೂ ಇದಕ್ಕೂ ಸಂಬಂಧವಿದೆ. ನಗರ ವಿನ್ಯಾಸದ ಪ್ರಾಧ್ಯಾಪಕ ಡೊನಾಲ್ಡ್ ಆಪಲ್‌ಯಾರ್ಡ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳನ್ನು ಹೋಲಿಸಿ ನೋಡಿದಾಗ, ದಿನಕ್ಕೆ 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ವಾಹನ ಓಡುವಲ್ಲಿ ಆ ಸಂಖ್ಯೆ 0.9.

ಪ್ರಶ್ನೆ: ಎಲ್ಲ ಕಟ್ಟಡದ ನೆಲಮಹಡಿಯಲ್ಲೂ ಅಂಗಡಿ ಇರಬೇಕೆ?

ಬೇಡ, ಅರ್ಧ ಖಾಲಿ ಬೀಳುತ್ತವೆ. ಬಸ್ ಓಡುವ ಬೀದಿ ಮತ್ತು ಮೂಲೆ ಕಟ್ಟಡಗಳಿಗೆ ಸಾಕು. ಅಲ್ಲಿ ನೆಲಮಹಡಿಯ ಎತ್ತರ ನಾಲ್ಕು ಮೀಟರ್ ಇಟ್ಟರೆ ಇಂದಿನ ಮನೆ ನಾಳೆ ಅಂಗಡಿಯಾಗಬಹುದು, ಕ್ಲಿನಿಕ್ ಆಗಬಹುದು. ಉಳಿದ ಬೀದಿಗಳಲ್ಲಿ 6ರಿಂದ 8 ಮೀಟರಿಗೊಂದು ಬಾಗಿಲು ಬೀದಿಗೆ ತೆರೆದರೆ, ಕಾಂಪೌಂಡ್ ಗೋಡೆ ಒಂದು ಮೀಟರ್ ಮೀರದಿದ್ದರೆ ಬೀದಿಗೆ ಜೀವ ಇರುತ್ತದೆ. ಸಾಲಾಗಿ ಗ್ಯಾರೇಜ್ ಬಾಗಿಲುಗಳೇ ಬಂದರೆ ಇರುವುದಿಲ್ಲ.

ಪ್ರಶ್ನೆ: ಬೀದಿಬದಿ ನೆಟ್ಟ ಮರಗಳು ನಾಲ್ಕೈದು ವರ್ಷ ಚೆನ್ನಾಗಿದ್ದು ಆಮೇಲೆ ಸೊರಗುತ್ತವೆ. ಬದುಕಿದವು ಫುಟ್‌ಪಾತ್ ಎತ್ತಿಹಾಕುತ್ತವೆ. ತಳಿಯ ಆಯ್ಕೆ ತಪ್ಪಿತೇ?

ಬಹಳ ಮಟ್ಟಿಗೆ ತಪ್ಪಿರುವುದು ಮಣ್ಣಿನ ಅಳತೆ. ಮರದ ಕೊಂಬೆ-ಎಲೆಗಳ ಹಂದರ ಹರಡುವ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಸಡಿಲ ಮಣ್ಣು ಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ. ಹತ್ತು ಮೀಟರ್ ಅಗಲ ಹರಡುವ ಮರಕ್ಕೆ 24ರಿಂದ 47 ಘನ ಮೀಟರ್. ಬೀದಿಯಲ್ಲಿ ನಾವು ಕೊಡುವುದೋ ಒಂದು ಮೀಟರ್ ಉದ್ದಗಲ ಆಳದ ಗುಂಡಿ, ಒಂದು ಘನ ಮೀಟರ್. ಅಷ್ಟು ಮಣ್ಣು ಎರಡು ಮೀಟರ್ ಅಗಲದ ಹಂದರವನ್ನಷ್ಟೇ ಸಾಕಬಲ್ಲದು. ಮರ ಆ ಗಾತ್ರ ದಾಟುವ ಹೊತ್ತಿಗೆ ಗುಂಡಿಯ ನೀರು, ಗಾಳಿ ಎರಡೂ ಸಾಲದಾಗುತ್ತವೆ. ನೀವು ಕಂಡ ನಾಲ್ಕೈದು ವರ್ಷ ಇದೇ.

ಗುಂಡಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದರೆ ಉಳಿದ ಕಥೆ ತಿಳಿಯುತ್ತದೆ. ರೋಲರ್ ಹೊಡೆದು ಗಟ್ಟಿಮಾಡಿದ ರಸ್ತೆಯ ಬುಡ ಅದು, ಗುದ್ದಲಿ ಬಡಿದರೆ ಕಲ್ಲಿನ ಸದ್ದು ಬರುತ್ತದೆ. ಎಳೆಬೇರಿನ ತುದಿಗೆ ಅದನ್ನು ತೂರಲಾಗದು. ಗೋಡೆಗುಂಟ ಸುತ್ತುತ್ತ ಮೇಲೆ ಬಂದು, ಫುಟ್‌ಪಾತ್ ಹಾಸಿನ ಕೆಳಗೆ, ತೇವ ಮತ್ತು ಗಾಳಿ ಎರಡೂ ಸಿಗುವ ತೆಳುವಾದ ಮರಳಿನ ಪದರವನ್ನು ಹಿಡಿಯುತ್ತದೆ. ಅಲ್ಲಿ ವರ್ಷ ವರ್ಷ ದಪ್ಪವಾಗಿ ಹಾಸನ್ನು ಎತ್ತುತ್ತದೆ. ಮರ ಮಾಡುತ್ತಿರುವುದು ಉಳಿಯುವ ಪ್ರಯತ್ನ. ಎದ್ದ ಹಾಸನ್ನು ಸರಿಮಾಡಲು ಆ ಬೇರನ್ನೇ ಕಡಿದರೆ, ಗಾಳಿಮಳೆಗೆ ಉರುಳುವ ಮರ ತಯಾರಾಗುತ್ತದೆ.

ದಾರಿ ಏನೆಂದರೆ, ಮರಕ್ಕೊಂದು ಗುಂಡಿಯ ಬದಲು ಸಾಲಿಗೆ ಒಂದೇ ಕಾಲುವೆ. ಎರಡು ಮೀಟರ್ ಅಗಲ, ಒಂದು ಮೀಟರ್ ಆಳ ತೋಡಿ 12 ಮೀಟರಿಗೊಂದು ಮರ ನೆಟ್ಟರೆ ತಲಾ 24 ಘನ ಮೀಟರ್ ಮಣ್ಣು ಸಿಗುತ್ತದೆ, ಅಕ್ಕಪಕ್ಕದ ಮರಗಳು ಅದನ್ನು ಹಂಚಿಕೊಳ್ಳುತ್ತವೆ. ಕಾಲುವೆ ಫುಟ್‌ಪಾತ್ ಕೆಳಗೆ ಹಾದುಹೋಗಬೇಕಾದಲ್ಲಿ ಮಣ್ಣನ್ನು ಒತ್ತದೆ, ಎರಡೂ ಅಂಚಿಗೆ ಆಧಾರ ಕೊಟ್ಟು ಕಾಂಕ್ರೀಟ್ ಚಪ್ಪಡಿಯನ್ನು ಸೇತುವೆಯಂತೆ ಹೊದಿಸಿ. ವಾಹನದ ಭಾರ ಬೀಳುವಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಲ್ಲು-ಮಣ್ಣಿನ ಮಿಶ್ರಣವಿದೆ: ತೂಕದಲ್ಲಿ ಶೇ 80 ಒಂದೇ ಗಾತ್ರದ ಜಲ್ಲಿ, ಶೇ 20 ಜೇಡಿ ಸೇರಿದ ಮಣ್ಣು. ಜಲ್ಲಿ ಭಾರ ಹೊರುತ್ತದೆ, ಸಂದಿನ ಮಣ್ಣು ಬೇರಿಗೆ ಸಿಗುತ್ತದೆ. ಆದರೆ ಅದರಲ್ಲಿ ಮಣ್ಣು ಐದರಲ್ಲಿ ಒಂದು ಪಾಲು ಮಾತ್ರ, ಘನ ಮೀಟರ್ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ನೆಡುವಾಗ ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮಟ್ಟದಲ್ಲೇ ಕಾಣಬೇಕು. ಆಳಕ್ಕೆ ಹೂತರೆ ತೊಗಟೆ ಕೊಳೆಯುತ್ತದೆ. ಕುಂಡದಲ್ಲಿ ಸುತ್ತಿಕೊಂಡ ಬೇರುಗಳನ್ನು ನೆಡುವ ಮುನ್ನ ಬಿಡಿಸಿ ಅಥವಾ ಕತ್ತರಿಸಿ. ಒಣ ಎಲೆ, ಚಕ್ಕೆಯ ಮುಚ್ಚಿಗೆ 7-8 ಸೆಂಟಿಮೀಟರ್ ಇರಲಿ, ಕಾಂಡಕ್ಕೆ ತಾಗದಿರಲಿ. ಮಳೆಯಿಲ್ಲದ ವಾರಗಳಲ್ಲಿ ಮೊದಲ ಎರಡು-ಮೂರು ವರ್ಷ ವಾರಕ್ಕೆ 40ರಿಂದ 60 ಲೀಟರ್ ನೀರು ಬೇಕು. ದಿನಾ ಒಂದು ಚೊಂಬು ಸುರಿದರೆ ಬೇರು ಮೇಲೆಯೇ ಉಳಿಯುತ್ತದೆ.

ಪ್ರಶ್ನೆ: ಬೀದಿಯ ಮಳೆನೀರು ಇಂಗಿಸಲು ಮಾಡಿದ ತಗ್ಗು ತೋಟದಲ್ಲಿ ನೀರು ನಿಂತು ಸೊಳ್ಳೆಯಾಗಿದೆ. ಮುಚ್ಚಿಸಿಬಿಡಿ ಎನ್ನುತ್ತಿದ್ದಾರೆ. ಸರಿಪಡಿಸಲು ಸಾಧ್ಯವೇ?

ಸಾಧ್ಯ. ಸೊಳ್ಳೆಯ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲೂ ಸುಮಾರು ಒಂದು ವಾರ ಬೇಕು. ನೀರು 48 ಗಂಟೆಯೊಳಗೆ ಇಂಗಿದರೆ ಆ ಪ್ರಶ್ನೆಯೇ ಇಲ್ಲ.

ಮೊದಲು ಇಂಗುವ ವೇಗ ಅಳೆಯಿರಿ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ನೋಡಿ. 12 ಮಿಲಿಮೀಟರ್ ಇಳಿದರೂ 150 ಮಿಲಿಮೀಟರ್ ನಿಂತ ನೀರು ಹನ್ನೆರಡೂವರೆ ಗಂಟೆಯಲ್ಲಿ ಖಾಲಿ. ಅದಕ್ಕಿಂತ ನಿಧಾನವಾದರೆ ತಳದಲ್ಲಿ ತೂತುಗಳ ಪೈಪ್ ಹಾಕಿ ಚರಂಡಿಗೆ ಸೇರಿಸಬೇಕು.

ಗಾತ್ರವನ್ನೂ ಪರೀಕ್ಷಿಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 500 ಚದರ ಮೀಟರ್ ರಸ್ತೆಗೆ 30 ಮಿಲಿಮೀಟರ್ ಮಳೆ ಎಂದರೆ 15,000 ಲೀಟರ್. 40 ಚದರ ಮೀಟರಿನ ತೋಟದಲ್ಲಿ ಮೇಲೆ 150 ಮಿಲಿಮೀಟರ್ ನೀರು ನಿಂತರೆ 6,000 ಲೀಟರ್, 600 ಮಿಲಿಮೀಟರ್ ಮಣ್ಣಿನ ಸಂದುಗಳಲ್ಲಿ ಸುಮಾರು 4,800, ಅದರಡಿಯ 300 ಮಿಲಿಮೀಟರ್ ಜಲ್ಲಿಯಲ್ಲಿ ಮತ್ತೆ ಅಷ್ಟೇ. ಲೆಕ್ಕ ಸರಿಹೋಯಿತು. ಹೆಚ್ಚಾದ ನೀರು ಹೊರಹೋಗುವ ಬಾಯಿ ತಳದಿಂದ 150 ಮಿಲಿಮೀಟರ್ ಮೇಲಿರಲಿ, ರಸ್ತೆಯ ಅಂಚಿಗಿಂತ ಕೆಳಗಿರಲಿ. ಕಟ್ಟಡದ ಅಡಿಪಾಯದಿಂದ ಕನಿಷ್ಠ ಮೂರು ಮೀಟರ್ ದೂರ ಬೇಕು.

ಅಳತೆ ಸರಿಯಿದ್ದೂ ನೀರು ನಿಂತರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಕಾಮಗಾರಿಯ ವೇಳೆ ಲಾರಿ ಹತ್ತಿ ತಳ ಗಟ್ಟಿಯಾಗಿರುತ್ತದೆ, ಆಗ 30 ಸೆಂಟಿಮೀಟರ್ ಆಳ ಅಗೆದು ಸಡಿಲಿಸಬೇಕು. ಅಥವಾ ತೊಳೆಯದ ಜಲ್ಲಿಯ ಪುಡಿ ಸಂದು ಮುಚ್ಚಿರುತ್ತದೆ. ಇಲ್ಲವೇ ಮಣ್ಣು-ಜಲ್ಲಿಯ ನಡುವೆ ಹಾಸಿದ ಬಟ್ಟೆಯಲ್ಲಿ ಹೂಳು ಕಟ್ಟಿರುತ್ತದೆ. ಬಟ್ಟೆಯ ಜಾಗದಲ್ಲಿ 5-8 ಸೆಂಟಿಮೀಟರ್ ಸಣ್ಣ ಜಲ್ಲಿಯ ಪದರ ಸಾಕು.

ನೀರು ಒಳಬರುವ ಬಾಯನ್ನೂ ನೋಡಿ. ಕರ್ಬ್ ಕಲ್ಲಿನಲ್ಲಿ 45 ಸೆಂಟಿಮೀಟರ್ ಅಗಲದ ಕಿಂಡಿ ಇರಬೇಕು. ಒಳಗಿನ ಮಣ್ಣು ರಸ್ತೆಗಿಂತ ಕನಿಷ್ಠ ಐದು ಸೆಂಟಿಮೀಟರ್ ತಗ್ಗಿನಲ್ಲಿರಬೇಕು. ಒಂದೇ ಮಟ್ಟಕ್ಕಿದ್ದರೆ ಮೊದಲ ಮಳೆಯ ಹೂಳು, ಎಲೆ ಅಲ್ಲೇ ಒಡ್ಡು ಕಟ್ಟುತ್ತವೆ, ನೀರು ತೋಟದ ಮುಂದಿನಿಂದಲೇ ಹರಿದುಹೋಗುತ್ತದೆ. ಕಿಂಡಿಯ ಹಿಂದೆ 60 ಸೆಂಟಿಮೀಟರ್ ಚೌಕದ ಕಲ್ಲುಹಾಸು ಹಾಕಿದರೆ ಹೂಳು ಅದರ ಮೇಲೆ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಲಿಕೆಯಿಂದ ಎತ್ತಲು ಹತ್ತು ನಿಮಿಷ ಸಾಕು. ಸರಿಪಡಿಸುವ ಕೆಲಸವನ್ನು ಅಕ್ಕಪಕ್ಕದ ಕಟ್ಟಡ ಕಾಮಗಾರಿ ಮುಗಿದ ಮೇಲೆಯೇ ಶುರುಮಾಡಿ. ಒಂದು ದಿನ ಸಿಮೆಂಟ್ ತೊಳೆದ ನೀರು ಒಳಗೆ ಹರಿದರೂ ಮೇಲಿನ ಮಣ್ಣನ್ನು ಪೂರ್ತಿ ಬದಲಿಸಬೇಕಾಗುತ್ತದೆ.