ತಪ್ಪು ತೀರ್ಪಾದರೆ ಗೆದ್ದವರ ಹಣ ಹೋಗುತ್ತಾ?

ಟಿವಿ ಕ್ವಿಜ್ ಶೋದಲ್ಲಿ ತಪ್ಪು ತೀರ್ಪಿನಿಂದ ಸೋತವರನ್ನು ಮತ್ತೆ ಕರೆಸಿದರೆ, ಅವತ್ತು ಗೆದ್ದವರ ಹಣ ವಾಪಸ್ ತಗೊಳ್ಳುತ್ತಾರಾ ಅಂತ ಕೇಳಿದ್ದೀರಿ. ಅಮೆರಿಕದ ಕ್ವಿಜ್ ಶೋ ಜೆಪರ್ಡಿಯಲ್ಲಿ ಹಾಗಿಲ್ಲ. ಗೆದ್ದಿದ್ದು ಗೆದ್ದವರಿಗೇ. ಸೋತವರಿಗೆ ಬೇರೆ ಆಟದಲ್ಲಿ ಇನ್ನೊಂದು ಅವಕಾಶ, ಅಷ್ಟೇ. ಸಣ್ಣಪುಟ್ಟ ತಪ್ಪಾದರೆ ಆಟದ ನಡುವೆಯೇ ಅಂಕ ತಿದ್ದುತ್ತಾರೆ.

ಬ್ರಿಟನ್ನಿನ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಕ್ವಿಜ್ ಶೋದಲ್ಲಿ 2006ರಲ್ಲಿ ನಡೆದದ್ದು ಇನ್ನೂ ಮಜಾ. ಕೊನೇ ಪ್ರಶ್ನೆ: ಲ್ಯಾಟಿನ್‌ನಿಂದ ಅನುವಾದಿಸಿದರೆ ಅಮೆರಿಕದ ಧ್ಯೇಯವಾಕ್ಯ ಏನು? ಆಡುತ್ತಿದ್ದ ಸೆಲೆಬ್ರಿಟಿ ದಂಪತಿ ‘ದೇವರಲ್ಲಿ ನಮ್ಮ ನಂಬಿಕೆ’ ಅಂದರು. ತಪ್ಪು! ಆದರೆ 1956ರಿಂದ ಅಧಿಕೃತ ಧ್ಯೇಯವಾಕ್ಯ ಅದೇ ಅಲ್ವಾ? ಲ್ಯಾಟಿನ್‌ನಲ್ಲಿರುವುದು ಬೇರೆ, ‘ಹಲವರಿಂದ ಒಂದು’. ಪ್ರಶ್ನೆಯೇ ಗೊಂದಲ ಅಂತ ಒಪ್ಪಿ ಅವರನ್ನು ಮತ್ತೆ ಕೂರಿಸಿದರು. ಹೊಸ ಪ್ರಶ್ನೆ ನೋಡಿದ ಜೋಡಿ ಉತ್ತರಿಸುವ ಗೋಜಿಗೇ ಹೋಗಲಿಲ್ಲ. ದಾನಕ್ಕೆ ಅಂತ 5 ಲಕ್ಷ ಪೌಂಡ್ ತಗೊಂಡು ಎದ್ದುಬಿಟ್ಟರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.