ಪಾರ್ಟ್ನರ್ ಹೋದ, ಗಿರಾಕಿಗಳೂ ಹೋದರು

ಪ್ರಶ್ನೆ: ನಾನು ಉಡುಪಿಯವನು. ಗೆಳೆಯನ ಜೊತೆ 11 ವರ್ಷ ಕ್ಯಾಟರಿಂಗ್ ಮಾಡಿದೆ. ಅಡುಗೆ ನನ್ನದು, ಬುಕ್ಕಿಂಗ್ ಮತ್ತು ಹಣಕಾಸು ಅವನದು. ಒಪ್ಪಂದ ಎಲ್ಲ ಬಾಯಿಮಾತಿನದ್ದೇ. ಯುಗಾದಿ ಕಳೆದ ಮೇಲೆ ಬೇರೆ ಅಡುಗೆಯವರನ್ನು ಇಟ್ಟುಕೊಂಡು, ಹಳೇ ಹೆಸರಿನಲ್ಲೇ ಆರ್ಡರ್ ಹಿಡಿಯುತ್ತಿದ್ದಾನೆ. ಹಾಲ್‌ನವರು, ಖಾಯಂ ಮನೆಗಳು ಎಲ್ಲ ಅವನ ಕಡೆ. ದರ ಇಳಿಸಿ ಅವರನ್ನು ವಾಪಸ್ ಕರೆಯಲೇ? ಅವನು ಮಾಡಿದ್ದನ್ನು ನಾಲ್ಕು ಜನರಿಗೆ ಹೇಳಲೇ? ಈಗ ದೀಪಾವಳಿ ನಂತರದ ಒಂದು ಮದುವೆಗೆ ದಿನದ ಸಂಬಳಕ್ಕೆ ಅಡುಗೆಗೆ ಬಾ ಅಂತ ಅವನೇ ಕರೆಯುತ್ತಿದ್ದಾನೆ. ಹೋಗಲೇ?

ಉತ್ತರ: ಗಿರಾಕಿಗಳು ಅವನ ಕಡೆ ಸೇರಿಕೊಂಡರು ಅಂತ ನೀವು ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಅವರ ಫೋನಿನಲ್ಲಿ ಇರುವುದು ಅವನ ನಂಬರ್. ಮನೆಯಲ್ಲಿ ಉಪನಯನ ಬಂತು, ಹಳೇ ನಂಬರಿಗೆ ಫೋನ್ ಮಾಡಿದರು, ಅಷ್ಟೇ. ಒಳಗೆ ಅಡುಗೆಯವರು ಬದಲಾಗಿದ್ದಾರೆ ಅನ್ನುವುದು ಬಹಳ ಜನರಿಗೆ ಗೊತ್ತೇ ಇರಲಿಕ್ಕಿಲ್ಲ. ಇಷ್ಟು ವರ್ಷ ನೀವು ಒಲೆಯ ಮುಂದೆ, ಅವನು ಪಂಕ್ತಿಯ ಮುಂದೆ. ಜನರಿಗೆ ಗೊತ್ತಿರುವುದು ನಿಮ್ಮ ಗುಳ್ಳ ಬದನೆಯ ಹುಳಿಯ ರುಚಿ ಮತ್ತು ಅವನ ಮುಖ.

ಹಾಗಾಗಿ ಮೊದಲು ನಿಮ್ಮ ಮುಖ, ನಿಮ್ಮ ನಂಬರ್ ಆ ಮನೆಗಳಿಗೆ ಮುಟ್ಟಲಿ. ಅಡುಗೆಯವರ ಹತ್ತಿರ ಹಳೇ ಚೀಟಿಗಳು ಇದ್ದೇ ಇರುತ್ತವೆ, ಅಲ್ವಾ? ಎಷ್ಟು ಎಲೆ, ಎಷ್ಟು ತೆಂಗಿನಕಾಯಿ, ಯಾರ ಮನೆಯಲ್ಲಿ ಸಾರಿಗೆ ಖಾರ ಕಡಿಮೆ, ಯಾರಿಗೆ ಹೋಳಿಗೆ ಜೊತೆ ಕಾಯಿಹಾಲು ಬೇಕೇ ಬೇಕು. ಅವನ್ನು ಹೊರಗೆ ತೆಗೆಯಿರಿ. ಒಂದೊಂದು ಮನೆಗೂ ನೀವೇ ಫೋನ್ ಮಾಡಿ. 'ನಿಮ್ಮ ಮಗಳ ಮದುವೆಗೆ ಅಡುಗೆ ಮಾಡಿದವನು ನಾನು. ಈಗ ಬೇರೆಯಾಗಿ ಮಾಡುತ್ತಿದ್ದೇನೆ. ಇದು ನನ್ನ ನಂಬರ್.' ಅಲ್ಲಿಗೆ ನಿಲ್ಲಿಸಿ. 'ಏನಾಯ್ತು ಮಾರಾಯ್ರೆ, ಜಗಳವಾ?' ಅಂತ ಅವರು ಕೇಳಿಯೇ ಕೇಳುತ್ತಾರೆ. 'ಬೇರೆ ಆದೆವು' ಅನ್ನಿ, ಸಾಕು. ಸಂತೆಕಟ್ಟೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಕಟಪಾಡಿ ಮುಟ್ಟುವ ಊರು ನಮ್ಮದು. ಮದುವೆ ಮನೆಯವರಿಗೆ ತಮ್ಮದೇ ತಲೆಬಿಸಿ ಸಾಕಷ್ಟಿರುತ್ತದೆ, ಅಡುಗೆಯವರ ಪಂಚಾಯಿತಿಕೆ ಯಾರಿಗೂ ಬೇಡ.

ದರ ಇಳಿಸಬೇಡಿ. ಒಂದು ಎಲೆ ಊಟಕ್ಕೆ ನೀವು 20 ರೂಪಾಯಿ ಇಳಿಸಿದರೆ ಅವನು 30 ಇಳಿಸುತ್ತಾನೆ. ಕೊನೆಗೆ ತುಪ್ಪಕ್ಕೆ, ಗೇರುಬೀಜಕ್ಕೆ ಕೈ ಬಿಗಿ ಮಾಡಬೇಕಾಗುತ್ತದೆ. ಆಗ ನಿಮ್ಮ ರುಚಿಯೇ ಹೋಯಿತಲ್ಲ!

ಹಾಲ್‌ನವರ ವಿಷಯ ಬೇರೆ. ಎಷ್ಟೋ ಕಡೆ ಕಮಿಷನ್ನು, ಹಳೇ ಸಲಿಗೆ ಎಲ್ಲ ಇರುತ್ತದೆ. ಈ ವರ್ಷ ಅವರ ಹಿಂದೆ ಓಡಬೇಡಿ. ಅದರ ಬದಲು ತುಳುವರ ಆಟಿ ತಿಂಗಳನ್ನು ಹಿಡಿಯಿರಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ನಮ್ಮಲ್ಲಿ ಮದುವೆ ಇಲ್ಲ, ಕ್ಯಾಟರಿಂಗ್‌ನವರಿಗೆ ಪುರುಸೊತ್ತು. ಆದರೆ ಮಹಿಳಾ ಮಂಡಳಿಗಳು, ಸಂಘಗಳು 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಅಂತ ಕಾರ್ಯಕ್ರಮ ಮಾಡುವುದು ಆಗಲೇ. 50 ಜನರ ಪತ್ರೊಡೆಯ ಆರ್ಡರ್ ಬಂದರೂ ಸಣ್ಣದು ಅನ್ನಬೇಡಿ. ದೀಪಾವಳಿ ನಂತರದ ಮದುವೆಗೆ ಯಾರ ಅಡುಗೆ ಅಂತ ಮನೆಯಲ್ಲಿ ತೀರ್ಮಾನ ಮಾಡುವ ಹೆಂಗಸರು ಕೂತಿರುವುದು ಅಲ್ಲೇ. ಮತ್ತೆ, ಬಡಿಸುವಾಗ ದಯವಿಟ್ಟು ಒಳಗೇ ಇರಬೇಡಿ. ಕೈ ಒರೆಸಿಕೊಂಡು ಬಂದು ಪಂಕ್ತಿಯಲ್ಲಿ ಒಂದು ಸುತ್ತು ಹಾಕಿ. ನಿಮಗೆ ಸಂಕೋಚ ಇರಬಹುದು, ಆದರೂ ಬನ್ನಿ.

ನೀವು ಕೇಳದೇ ಬಿಟ್ಟ ಒಂದು ವಿಷಯವೇ ನನಗೆ ಜಾಸ್ತಿ ಗಾಬರಿ ಹುಟ್ಟಿಸಿದ್ದು. ಹಳೇ ಹೆಸರು ಇನ್ನೂ ಓಡುತ್ತಿದೆ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಸಂಸ್ಥೆ ಮುಗಿಯಿತು ಅಂತ ಸಾರ್ವಜನಿಕ ಪ್ರಕಟಣೆ ಕೊಡುವ ತನಕ ಒಬ್ಬ ಪಾಲುದಾರ ಮಾಡಿದ್ದಕ್ಕೆ ಇನ್ನೊಬ್ಬನೂ ಹೊರಗಿನವರಿಗೆ ಹೊಣೆ. ನಾಳೆ ಅವನು ಆ ಹೆಸರಲ್ಲಿ ಮುಂಗಡ ತೆಗೆದುಕೊಂಡು ಕೈಕೊಟ್ಟರೆ, ಮದುವೆ ಮನೆಯವರು ನಿಮ್ಮ ಬಾಗಿಲಿಗೂ ಬರಬಹುದು. ಪ್ರಕಟಣೆ ಸರ್ಕಾರದ ರಾಜ್ಯಪತ್ರದಲ್ಲೂ (ಗೆಜೆಟ್) ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ (ಆಹಾರ ವ್ಯಾಪಾರದ ಪರವಾನಗಿ), ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ ಅಂತಲೂ ನೋಡಿ. ಬಾಯಿಮಾತಿನ ಪಾಲುದಾರಿಕೆ, ನೋಂದಣಿಯೂ ಆಗಿಲ್ಲ, ಇನ್ನೇನು ಮಾಡುವುದು ಅಂತ ಕೈಚೆಲ್ಲಬೇಡಿ. ಮುಗಿದ ಸಂಸ್ಥೆಯ ಲೆಕ್ಕ ಕೇಳಿ ದಾವೆ ಹಾಕಲು ಅದು ಅಡ್ಡಿಯಲ್ಲ, ಆದರೆ ಸಂಸ್ಥೆ ಮುಗಿದು 3 ವರ್ಷದೊಳಗೆ ಹಾಕಬೇಕು. ಲೆಕ್ಕ ಚುಕ್ತಾ ಆಗುವ ತನಕ ಹಳೇ ಹೆಸರು ಬಳಸದಂತೆ ತಡೆ ಕೇಳುವ ದಾರಿಯೂ ಕಾಯ್ದೆಯಲ್ಲಿ ಇದೆ. ನಿಮ್ಮ ಚೀಟಿಗಳ ಪೆಟ್ಟಿಗೆ ಸಮೇತ ಈ ವಾರವೇ ಒಬ್ಬ ವಕೀಲರನ್ನು ನೋಡಿ. ಅದೇ ಹೊತ್ತಿಗೆ ಅವನು ಬೇರೆ ಹೆಸರಿಟ್ಟು ಕ್ಯಾಟರಿಂಗ್ ಮಾಡಿದರೆ ಮಾಡಲಿ. ಅದನ್ನು ತಡೆಯಲು ಹೊರಟು ದುಡ್ಡು ಹಾಳು ಮಾಡಬೇಡಿ.

ಇನ್ನು ಅವನ ಮದುವೆ ಆರ್ಡರ್‌ಗೆ ಹೋಗುವ ವಿಚಾರ. ಅವನಿಗೆ ನಿಮ್ಮ ಕೈರುಚಿ ಬೇಕಾಗಿದೆ, ಗಿರಾಕಿ ಏನೋ ಗೊಣಗಿರಬೇಕು. ಲೆಕ್ಕ ಮುಗಿಯುವ ಮೊದಲು ಹೋಗಬೇಡಿ. ಈಗ ಹೋದರೆ ಇಬ್ಬರೂ ಇನ್ನೂ ಜೊತೆಗಿದ್ದಾರೆ ಅಂತ ಇಡೀ ಹಾಲ್ ಅಂದುಕೊಳ್ಳುತ್ತದೆ, ವಕೀಲರ ಮುಂದೆ ನಿಮ್ಮ ಮಾತಿನ ತೂಕವೂ ಇಳಿಯುತ್ತದೆ. 'ಮೊದಲು ಕೂತು ಲೆಕ್ಕ ಮಾಡೋಣ, ಆಮೇಲೆ ನೋಡೋಣ' ಅಂತ ವಾಟ್ಸಾಪಿನಲ್ಲೇ ಬರೆದು ಕಳಿಸಿ. ಬರಹದಲ್ಲಿ ಇರಲಿ.