ಧರ್ಮಸ್ಥಳ ಪಾದಯಾತ್ರೆ: ಮೊದಲ ದಿನ ಹೇಗಿರುತ್ತದೆ?

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಮೊದಲ ಸಲ ನಡೆದು ಹೊರಟಿದ್ದೀರಿ, ಮೊದಲ ದಿನ ಎಷ್ಟು ನಡೆಯಬೇಕು, ಕಾಲು ತಡೆಯುತ್ತಾ, ಒಬ್ಬನೇ ಹೋಗಬಹುದಾ ಅಂತ ಕೇಳಿದ್ದೀರಿ. ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲದ ಮೊದಲ ದಿನವನ್ನೇ ಹೇಳುತ್ತೇನೆ. ಮಾಡಬಾರದ್ದನ್ನೆಲ್ಲ ಮಾಡಿದ್ದು ಆವತ್ತೇ.

ರಾಜಾಜಿನಗರದ ನಮ್ಮ ಬೀದಿಯ ಗಣಪತಿ ಗುಡಿ ಮುಂದೆ ಬೆಳಗಿನ ಜಾವ ಮೂರೂವರೆಗೆ ಈಡುಗಾಯಿ ಒಡೆದು ಹೊರಟೆವು. ಇಪ್ಪತ್ತೆರಡು ಜನ. ಬ್ಯಾಗು, ಚಾಪೆ, ಪಾತ್ರೆ ಪಡಗ ಹೊತ್ತ ಟೆಂಪೋ ಮುಂದೆ ಹೋಯಿತು. ನಮ್ಮ ಕೈಯಲ್ಲಿ ನೀರಿನ ಬಾಟಲಿ, ಟಾರ್ಚು ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ದಿನ ಭಕ್ತಿಗಿಂತ ಜಾಸ್ತಿ ಸಿಗುವುದು ತುಮಕೂರು ರಸ್ತೆ. ಗೊರಗುಂಟೆಪಾಳ್ಯ, ಪೀಣ್ಯ, ದಾಸರಹಳ್ಳಿ, ಎಂಟನೇ ಮೈಲಿ. ನೆತ್ತಿ ಮೇಲೆ ಫ್ಲೈಓವರ್, ಪಕ್ಕದಲ್ಲಿ ಲಾರಿ, ಮೂಗಿನ ತುಂಬ ಧೂಳು. ನಾನು ಕಾಡು, ಮಂಜು, ಘಾಟಿ ಅಂತೆಲ್ಲ ಅಂದುಕೊಂಡು ಹೊರಟಿದ್ದೆ. ಚಾರ್ಮಾಡಿ ಘಾಟಿ ಬರುವುದು ಹಾಸನ, ಬೇಲೂರು, ಮೂಡಿಗೆರೆ ಎಲ್ಲ ದಾಟಿದ ಮೇಲೆ! ಈಗ ಮೆಟ್ರೋ ಬೇರೆ ಮಾದಾವರದವರೆಗೂ ಹೋಗುತ್ತದೆ. ಸುಸ್ತಾದಾಗ ತಲೆ ಎತ್ತಿ ನೋಡಬೇಡಿ.

ನಾನು ಕೆಟ್ಟದ್ದು ಉತ್ಸಾಹದಿಂದ. ತಂಪು ಹೊತ್ತು, ಮೈಯಲ್ಲಿ ಕಸುವಿತ್ತು, ಹುಡುಗರ ಜೊತೆ ಸರಸರ ಮುಂದೆ ಹೋದೆ. ನಮ್ಮ ಗುಂಪಿನಲ್ಲಿ ಎಂಟು ಸಲ ನಡೆದಿದ್ದ ಹಿರಿಯರೊಬ್ಬರಿದ್ದರು. "ಮಂಜುನಾಥ ಎಲ್ಲೂ ಹೋಗಲ್ಲ ಕಣಪ್ಪಾ, ನಿಧಾನಕ್ಕೆ ಬಾ" ಅಂದರು. ನಕ್ಕು ಮುಂದೆ ನಡೆದೆ. ಮಾದಾವರದ ಹತ್ತಿರ ಬಲಗಾಲಿನ ಹಿಮ್ಮಡಿ ಉರಿಯತೊಡಗಿತು. ಶೂ ಕೊಂಡು ಬರೀ ಒಂದು ವಾರ ಆಗಿತ್ತು, ಅದಕ್ಕೆ ತೆಳ್ಳನೆ ನೈಲಾನ್ ಸಾಕ್ಸ್. ಉರಿದಾಗಲೇ ನಿಂತು ಪ್ಲಾಸ್ಟರ್ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ನಿಲ್ಲಲಿಲ್ಲ. ನೆಲಮಂಗಲದಲ್ಲಿ ಹತ್ತು ಗಂಟೆಗೆ ಶೂ ಬಿಚ್ಚಿದರೆ ರೂಪಾಯಿ ನಾಣ್ಯದಷ್ಟು ಬೊಬ್ಬೆ. ಮುಕ್ಕಾಲು ಗಂಟೆ ಬಿಟ್ಟು ಆ ಹಿರಿಯರು ಹವಾಯಿ ಚಪ್ಪಲಿಯಲ್ಲಿ ಆರಾಮಾಗಿ ಬಂದರು. ನನ್ನ ಕಾಲು ನೋಡಿ, ಬೆಳಗ್ಗೆ ನಾನು ನಕ್ಕ ನಗುವನ್ನೇ ನನಗೆ ವಾಪಸ್ ಕೊಟ್ಟರು.

ತೊಡೆ ಉಜ್ಜಿಕೊಂಡು ಕೆಂಪಾಗುವ ವಿಷಯವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೊರಡುವ ಮುಂಚೆಯೇ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿಕೊಳ್ಳಿ. ಬೆವರಿದ ಮೇಲೆ ಹಚ್ಚಿದರೆ ಉಪಯೋಗ ಇಲ್ಲ.

ಊಟದ ಚಿಂತೆ ಬೇಡ. ತೊಂದರೆ ಇರುವುದು ಬೇಡ ಅನ್ನುವುದರಲ್ಲಿ. ದಾರಿಯುದ್ದಕ್ಕೂ ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಚಿತ್ರಾನ್ನ ಕೊಡುತ್ತಾರೆ. "ಒಂದೇ ಒಂದು ಲೋಟ ಸ್ವಾಮಿ" ಅಂತ ಕೈ ಹಿಡಿದುಕೊಳ್ಳುತ್ತಾರೆ. ಅವರಿಗೂ ಅದು ಸೇವೆ ಅಲ್ವಾ, ಇಲ್ಲ ಅನ್ನೋಕಾಗಲ್ಲ. ನಾನು ಹತ್ತು ಗಂಟೆಯೊಳಗೆ ನಾಲ್ಕು ಕಡೆ ತಿಂದು ಹೊಟ್ಟೆ ಭಾರ ಮಾಡಿಕೊಂಡೆ. ಅರ್ಧ ಲೋಟ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಿಸಿಲೇರಿದ ಮೇಲೆ ನಡೆಯಬೇಡಿ. ಹರಕೆ ಹೊತ್ತು ಬರಿಗಾಲಲ್ಲಿ ಬಂದವರು ಹನ್ನೊಂದು ಗಂಟೆಗೆ ಟಾರಿನ ಅಂಚು ಬಿಟ್ಟು ಮಣ್ಣಿಗೆ ಇಳಿಯುವುದನ್ನು ನೋಡಿದರೆ ಗೊತ್ತಾಗುತ್ತದೆ. ನಾವು ಛತ್ರದಲ್ಲಿ ಮಲಗಿ ನಾಲ್ಕಕ್ಕೆ ಎದ್ದೆವು. ನೆಲಮಂಗಲದಲ್ಲಿ ತುಮಕೂರು ದಾರಿ ಬಿಟ್ಟು ಕುಣಿಗಲ್ ಕಡೆ ತಿರುಗಬೇಕು. ಮಂಗಳೂರು ಮುನ್ನೂರ ಚಿಲ್ಲರೆ ಕಿಲೋಮೀಟರ್ ಅಂತ ಬೋರ್ಡು ಕಂಡಿತು. ನಾವು ಅಲ್ಲಿವರೆಗೂ ಹೋಗಲ್ಲ ಅಂತ ಗೊತ್ತಿದ್ದರೂ ಆ ಸಂಖ್ಯೆ ನೋಡಿ ಎದೆ ಝಲ್ಲೆಂದಿತು. ಇನ್ನೊಂದು ಎಂಟು ಕಿ.ಮೀ. ಕುಂಟಿಕೊಂಡೇ ನಡೆದೆ.

ಆವತ್ತು ಒಟ್ಟು ಸುಮಾರು 32 ಕಿ.ಮೀ. ಆಯಿತು. ಧರ್ಮಸ್ಥಳ ಹತ್ತಿರ ಹತ್ತಿರ 300 ಕಿ.ಮೀ., ನಾವು ಒಂಬತ್ತು ದಿನ ಇಟ್ಟುಕೊಂಡಿದ್ದೆವು. ನನ್ನನ್ನು ಕೇಳಿದರೆ ಮೊದಲ ದಿನಕ್ಕೆ 25 ಸಾಕು. ಕಾಲು ಪಳಗಿದ ಮೇಲೆ ಉಳಿದದ್ದನ್ನು ತುಂಬಿಕೊಳ್ಳಬಹುದು. ಮೊದಲ ದಿನವೇ 40 ಅನ್ನುವ ಗುಂಪಾದರೆ ಬೇರೆ ಗುಂಪು ನೋಡಿ. ಒಬ್ಬರೇ ಮಾತ್ರ ಹೋಗಬೇಡಿ. ಕತ್ತಲಲ್ಲಿ ಹೆದ್ದಾರಿ, ಆಮೇಲೆ ಘಾಟಿಯಲ್ಲಿ ಆನೆ. ಬೆನ್ನಿಗೆ ಮಿಂಚುವ ರಿಫ್ಲೆಕ್ಟರ್ ಜಾಕೆಟ್ ಇರಲಿ.

ರಾತ್ರಿ ತಂಗಿದಲ್ಲಿ ಬಚ್ಚಲಿಗೆ ಮೂರು ಮೆಟ್ಟಿಲಿತ್ತು. ಗೋಡೆ ಹಿಡಿದು ಇಳಿದೆ. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟು, ಆಮೇಲೆ ಗೋಡೆಗೆ ಕಾಲು ಎತ್ತಿ ಮಲಗಿದೆ. ನಾಳೆ ಬೆಳಗ್ಗೆ ಬಸ್ ಹತ್ತಿ ಮನೆಗೆ ಹೋಗುವುದು ಅಂತ ಮನಸ್ಸಿನಲ್ಲೇ ನಿರ್ಧಾರ ಮಾಡಿದ್ದೆ.

ಮೂರು ಗಂಟೆಗೆ ಸೀಟಿ ಊದಿದರು. ಕಣ್ಣು ಬಿಟ್ಟರೆ ನನ್ನ ಶೂ ಇರಲಿಲ್ಲ, ಟೆಂಪೋಗೆ ಹೋಗಿತ್ತು. ಚಾಪೆ ಪಕ್ಕದಲ್ಲಿ ಆ ಹಿರಿಯರ ಇನ್ನೊಂದು ಜೊತೆ ಹವಾಯಿ ಚಪ್ಪಲಿ ಇತ್ತು. ನನ್ನ ಕಾಲಿಗೆ ಒಂದು ನಂಬರ್ ದೊಡ್ಡದು. ಕುಣಿಗಲ್ ದಾಟುವವರೆಗೂ ಅದರಲ್ಲೇ ನಡೆದೆ, ಅವರ ಹಿಂದೆ.